ಒಳಮಡಿಕೆ

ಮಾನ್ಯರೇ,
ತಮ್ಮ ಆಡಿಟ್ ಆಕ್ಷೇಪಣೆ ಮೊನ್ನೆ ತಲುಪಿತು.
ಕಂಡಿಕೆ ನಾಲ್ಕು: ಹಾಸ್ಟೆಲಿನ ಹೆಣ್ಣುಮಕ್ಕಳ ಲಂಗಕ್ಕೆ
ಒಳಮಡಿಕೆ ಟೆಂಡರಿನಂತೆ ಅರ್ಧ ಇಂಚು,
ಹೊಲಿದು ಕೊಟ್ಟದ್ದು ಎರಡೂವರೆ.
ಅದೇ ದರಕ್ಕೆ ಹೆಚ್ಚು ಬಟ್ಟೆ ಕೊಡಲಾಯಿತೆಂದರೆ
ದರವೇ ಹೆಚ್ಚಿತ್ತೆಂದಾಯಿತು,
ವ್ಯತ್ಯಾಸವನ್ನೇಕೆ ವಸೂಲು ಮಾಡಬಾರದು
ಎಂದು ಕೇಳಿದ್ದೀರಿ.

ಲೆಕ್ಕ ಸರಿಯಾಗಿದೆ. ನನಗೂ ಹೀಗೇ ಲೆಕ್ಕ ಬರುತ್ತಿತ್ತು.

ಮೊದಲ ಗುತ್ತಿಗೆಯ ಹೊಲಿಗೆ ತಿರುಪ್ಪೂರಿನಲ್ಲಿ.
ಅರಸೀಕೆರೆಯಲ್ಲಿ ಕೂತು ಫೋನಿನಲ್ಲೇ ಮುಗಿಸಿದೆ.
ಲಾರಿ ಬಂತು, ಸಹಿ ಬಿತ್ತು, ಬಿಲ್ಲು ಪಾಸಾಯಿತು.
ಸಂಕ್ರಾಂತಿ ಹೊತ್ತಿಗೆ ಬಾಣಾವರದ ರಸ್ತೆಯಲ್ಲಿ
ಏಳನೇ ಕ್ಲಾಸಿರಬೇಕು, ಒಬ್ಬ ಹುಡುಗಿ
ಬ್ಯಾಗನ್ನು ಬೆನ್ನಿಗೆ ಹಾಕದೆ
ಮಂಡಿಗೆ ಅಡ್ಡ ಹಿಡಿದು ನಡೆಯುತ್ತಿದ್ದಳು.
ಗಾಳಿ ಇತ್ತು. ನಾನು ಬೈಕಿನಲ್ಲಿದ್ದೆ.
ಬಣ್ಣ ನೋಡಿದೊಡನೆ ಗೊತ್ತಾಯಿತು, ನನ್ನದೇ ಬಟ್ಟೆ.
ನಿಲ್ಲಿಸಲಿಲ್ಲ.

ಮರುವರ್ಷದ ಟೆಂಡರಿನಲ್ಲಿ ಹೊಸದೊಂದು ಸಾಲು:
ಹೊಲಿಗೆಯು ತಾಲ್ಲೂಕಿನೊಳಗೇ ಆಗತಕ್ಕದ್ದು,
ಕೆಲಸ ಸ್ಥಳೀಯ ಹೆಂಗಸರಿಗೇ ಕೊಡತಕ್ಕದ್ದು.
ಬರೆದವರ ವಂಶವನ್ನೆಲ್ಲ ನೆನೆದೆ,
ಒಳ್ಳೆಯ ಮಾತಿನಲ್ಲಲ್ಲ.

ಕೊಬ್ಬರಿ ಮಂಡಿಯ ಹಿಂದೊಂದು ಗೋಡೌನು,
ಹದಿನಾಲ್ಕು ಮೆಷಿನ್ನು, ಮೂರು ಫ್ಯಾನು,
ಬಟ್ಟೆಗೆಲ್ಲ ಒಣ ಕೊಬ್ಬರಿಯ ವಾಸನೆ.
ಮುಬೀನಾ ಬಂದಳು. ಬೆಳಗಿನ ನಾಲ್ಕಕ್ಕೆದ್ದು
ಹಾಸನದ ಗಾರ್ಮೆಂಟ್ಸಿನ ವ್ಯಾನು ಹತ್ತುತ್ತಿದ್ದವಳು.
ಆರು ವರ್ಷ ಅವಳು ಹೊಲಿದದ್ದು ಎಡಗೈ ಕಫ್ ಮಾತ್ರ.
ಇಲ್ಲಿ ಮೊದಲ ದಿನ ಇಡೀ ಅಂಗಿ ಹೊಲಿದು,
ಎರಡು ಭುಜ ಹಿಡಿದು ಎತ್ತಿ
ಬೆಳಕಿನಲ್ಲಿ ನೋಡುತ್ತಾ ನಿಂತಳು,
ಯಾರದೋ ಮಗುವನ್ನು ಎತ್ತಿಕೊಂಡ ಹಾಗೆ.
ಟೈಮ್ ಹಾಳು ಎಂದು ನಾನು ಗೊಣಗಿದೆ.

ಮಡಿಕೆ ದೊಡ್ಡದು ಮಾಡಿದ್ದು ಸಿದ್ದಗಂಗಮ್ಮ.
ಕಂಡಕೂಡಲೆ ಕೂಗಾಡಿದೆ:
ಬಟ್ಟೆ ನಿಮ್ಮಪ್ಪಂದಾ?
ಅವಳು ಪೆಡಲ್ ನಿಲ್ಲಿಸದೆ ಕೇಳಿದಳು:
ಮಕ್ಳು ಬೆಳೀತಾವೆ ಸಾವ್ಕಾರ್ರೇ,
ಟೆಂಡರ್ ಮುಗಿಯೋಗಂಟ ಬೆಳೀಬ್ಯಾಡಿ ಅಂತ
ಅದ್ರಾಗೆ ಬರ್ದವ್ರಾ?

ಹೆಚ್ಚುವರಿ ಬಟ್ಟೆ ಎಲ್ಲಿಂದ ಬಂತು, ಅದಕ್ಕೆ ಬರುತ್ತೇನೆ.
ಎಲ್ಲಿಂದಲೂ ಬರಲಿಲ್ಲ.
ಥಾನು ಹಾಸಿ, ಸೀಮೆಸುಣ್ಣದಲ್ಲಿ ಗೆರೆಯೆಳೆದು
ಒಂದು ಲಂಗದ ಸೊಂಟದ ಪಕ್ಕಕ್ಕೆ
ಇನ್ನೊಂದರ ಅಂಚು ತಿರುಗಿಸಿಟ್ಟು ಕತ್ತರಿಸಿದಳು.
ನಾನು ಕಿಲೋಗೆ ಇಪ್ಪತ್ತರಂತೆ ಗ್ಯಾರೇಜಿಗೆ ಮಾರುತ್ತಿದ್ದ
ತುಂಡುಬಟ್ಟೆ ಇತ್ತಲ್ಲ, ಅದೇ ಮಡಿಕೆಯಾಯಿತು.
ನಷ್ಟವೆಂದು ಬರೆಯಲೇಬೇಕಾದರೆ
ಗ್ರೀಸು ಒರೆಸುವವರ ಹೆಸರಿಗೆ ಬರೆಯಿರಿ.

ನಾನೇನೂ ಧರ್ಮರಾಯನಲ್ಲ.
ಮೊದಲ ತಿಂಗಳ ಕೂಲಿ ಹನ್ನೊಂದು ದಿನ ತಡಮಾಡಿದೆ,
ಮುಬೀನಾ ಗೋಡೌನಿನ ಕೀ ಕೊಡದೆ ಮನೆಗೆ ಹೋದಳು.
ಗುಂಡಿಯಲ್ಲಿ ನಾನು ಸ್ವಲ್ಪ ಉಳಿಸಿದ್ದೇನೆ,
ಅದು ತಮ್ಮ ಕಣ್ಣಿಗೆ ಬಿದ್ದಿಲ್ಲ.
ಬಿದ್ದದ್ದು ಇದು.

ತಪಾಸಣೆಗೆ ಬರುತ್ತೀರೆಂದು ಕೇಳಿದೆ. ಬನ್ನಿ.
ಆದರೆ ಸ್ಕೇಲಿಟ್ಟು ಅಳೆಯಲು
ಆ ಎರಡೂವರೆ ಇಂಚು ಈಗ ಸಿಗಲಿಕ್ಕಿಲ್ಲ.
ಹೋದ ವಾರ ಬಿಲ್ಲಿನ ಸಹಿಗೆ ಹಾಸ್ಟೆಲಿಗೆ ಹೋಗಿದ್ದೆ.
ಮೆಟ್ಟಿಲ ಮೇಲೆ ಸಾಲಾಗಿ ಕೂತು
ಬ್ಲೇಡಿನ ತುದಿಯಲ್ಲಿ ಹೊಲಿಗೆ ಬಿಚ್ಚುತ್ತಿದ್ದರು,
ವಾರ್ಡನ್ ಸುಲೋಚನಾ ಮೇಡಂ ಇಸ್ತ್ರಿ ಹಿಡಿದಿದ್ದರು.
ಒಗೆದೊಗೆದು ಮಾಸಿದ ನೀಲಿಯ ಕೆಳಗೆ
ಬಿಸಿಲು ಕಾಣದ ಒಂದು ಪಟ್ಟಿ ನೀಲಿ,
ಜೂನ್ ತಿಂಗಳಷ್ಟು ಹೊಸದು.
ಒಬ್ಬಳು ಹಾಕಿಕೊಂಡು ಬಂದಳು,
ಬ್ಯಾಗು ಬೆನ್ನ ಮೇಲಿತ್ತು.

ವಸೂಲಾತಿ ಬಗ್ಗೆ ತಮ್ಮ ತೀರ್ಮಾನಕ್ಕೆ ಬದ್ಧ.

ಇತಿ,
ಪಂಚಾಕ್ಷರಿ, ಸರಬರಾಜುದಾರ, ಅರಸೀಕೆರೆ.

ಲಗತ್ತು: ಈ ವರ್ಷದ ತುಂಡುಬಟ್ಟೆ.
ಕವರಿನಲ್ಲೇ ಹಿಡಿಯಿತು.